ಕಾಟು ಹಾಕಿದ ಸರೋವರ

"ಬೂಟು ಒರೆಸಿಕೊಂಡು ಬನ್ನಿ. ಇದು ಠಾಣೆಯಲ್ಲ, ಸಂಗ್ರಹಾಲಯ."

ಪಂಡಿತರು ಕುರ್ಚಿಯಿಂದ ಏಳಲಿಲ್ಲ. ಬಾಗಿಲ ಕಡೆಗೆ ಮುಖವನ್ನೂ ಪೂರ್ತಿ ತಿರುಗಿಸಲಿಲ್ಲ. ಬಂದವರನ್ನು ಬೂಟಿನ ಸದ್ದಿನಲ್ಲೇ ತೂಗಿ, ಬೆಲೆ ಕಟ್ಟಿ, ಪಕ್ಕಕ್ಕೆ ಎತ್ತಿಟ್ಟಾಗಿತ್ತು.

ಇನ್‌ಸ್ಪೆಕ್ಟರ್ ಹೊಸ್ತಿಲಲ್ಲಿ ನಿಂತು ತನ್ನ ಕಾಲು ನೋಡಿಕೊಂಡಳು. ಎಂಟು ದಿನ ದಂಡೆ ಸುತ್ತಿದ ಬೂಟು. ಕೆಸರು ಒಣಗಿ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು.

"ನಿಮ್ಮ ಮುತ್ತಜ್ಜ ತೋಡಿಸಿದ ಕೆರೆಯದ್ದೇ ಕೆಸರು, ಪಂಡಿತರೇ. ಮನೆಯದು ಮನೆಗೇ ಬರಲಿ ಬಿಡಿ," ಎಂದು ಹಾಗೆಯೇ ಒಳಗೆ ನಡೆದಳು.

ಅವಳ ಹಿಂದೆ ಬಂದ ಕಾನ್‌ಸ್ಟೇಬಲ್ ಮಾತ್ರ ಪಾಪ, ಚಾಪೆಗೆ ಕಾಲು ಉಜ್ಜಿದ್ದೇ ಉಜ್ಜಿದ್ದು. ಠಾಣೆಯಲ್ಲಿ ಅವನನ್ನು 'ಅಕಾರ' ಎಂದೇ ಕರೆಯುತ್ತಿದ್ದರು. ಹುಟ್ಟಿದಂದಿನಿಂದ 'ಹ' ಎಂಬ ಅಕ್ಷರಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಇರಬೇಕಾದಲ್ಲಿ ಅದು ಇರುವುದಿಲ್ಲ, ಇರಬಾರದ ಕಡೆ ಬಂದು ಕೂರುತ್ತದೆ.

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನಾಲ್ಕಕ್ಕೆ ದೋಣಿಯವನನ್ನು ಜಡ್ಜ್ ಮುಂದೆ ನಿಲ್ಲಿಸಬೇಕು. ಟೀಚರಮ್ಮನ ಹೆಣ ಜೊಂಡಿನ ನಡುವೆ ಸಿಕ್ಕ ದಿನವೇ ಅವರ ದಿನಚರಿ ಅವನ ದೋಣಿಯ ಹಲಗೆಯ ಕೆಳಗೆ ಸಿಕ್ಕಿತ್ತು. ಬೇಡಿ ಹಾಕಿದವಳು ಇವಳೇ. ಅವನ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ನಿಂತು ಇವಳ ಮುಖಕ್ಕೇ ಉಗಿದಿದ್ದಳು. ಆ ಉಗುಳು ತನಗೆ ಸಲ್ಲಬೇಕಾದ್ದೇ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸತೊಡಗಿ ಮೂರು ದಿನವಾಗಿತ್ತು.

ಎರಡು ಕೋಣೆಯ ಸಂಗ್ರಹಾಲಯ. ಅದಕ್ಕೆ ಅಂಟಿದಂತೆ ಹಿಂದೆ ಪಂಡಿತರ ಮನೆ. ಕಪಾಟಿನಲ್ಲಿ ಹೊಟ್ಟು ತುಂಬಿದ ಒಂದು ನೀರುಕೋಳಿ, ಒಂದು ಕಣ್ಣು ಗಾಜಿನದು, ಇನ್ನೊಂದು ಅಂಗಿಯ ಗುಂಡಿ. ಸೀಸೆಗಳಲ್ಲಿ ಬಸವನಹುಳು. ನಟ್ಟನಡುವೆ ಗಾಜಿನ ಪೆಟ್ಟಿಗೆ, ಮಖಮಲ್ಲು, ಅದರ ಮೇಲೆ ಮುತ್ತಜ್ಜನ ಗುದ್ದಲಿ. ಮಣ್ಣಿನ ಮುಖವನ್ನೇ ಕಾಣದ ಗುದ್ದಲಿ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಕೂಲಿಗೆ ಹೋದ ಗುದ್ದಲಿ ಇಷ್ಟು ಚಂದ ಇರುವುದಿಲ್ಲ. ಪಕ್ಕದಲ್ಲಿ ಮೂರು ದಪ್ಪ ಸಂಪುಟ, 'ನಮ್ಮ ಕೆರೆಯ ಚರಿತ್ರೆ'. ಮೂರನ್ನೂ ಓದಿ ಮುಗಿಸಿದವರು ಊರಿನಲ್ಲಿ ಇಬ್ಬರೇ ಎಂದು ತಮಾಷೆಯಿತ್ತು: ಬರೆದ ಪಂಡಿತರು, ತಪ್ಪು ಹುಡುಕಿದ ಟೀಚರಮ್ಮ.

ಜಗಳವೆಲ್ಲ ಇದ್ದದ್ದು ಒಂದು ಪದದಲ್ಲಿ.

ತೋಡಿಸಿದ್ದಾದರೆ ಕೆರೆ. ತೋಡಿಸಿದವನ ವಂಶಕ್ಕೆ ಅದರ ಮೇಲೆ ಹಕ್ಕು. ಅರ್ಧ ಮುಚ್ಚಿ ಮನೆ ಕಟ್ಟಿಸಬಹುದು, ಕೇಳುವವರಿಲ್ಲ. ತಾನಾಗಿ ಹುಟ್ಟಿದ್ದಾದರೆ ಸರೋವರ. ಅದು ಯಾರಪ್ಪನದೂ ಅಲ್ಲ. ಇದನ್ನು ತೀರ್ಮಾನಿಸಲು ನಾಡಿದ್ದು ವಿಚಾರಣೆ. ಟೀಚರಮ್ಮ ನಲವತ್ತು ವರ್ಷ ದಿನಾ ಬೆಳಿಗ್ಗೆ ನೀರು ನೋಡಿದವರು. ಒಂದು ಹಳ್ಳ ಬಂದು ಸೇರುವುದಿಲ್ಲ, ಒಂದು ತೋಡು ಹರಿದು ಹೋಗುವುದಿಲ್ಲ. ಎಂಥ ಬೇಸಿಗೆಯಲ್ಲೂ ನೀರು ಒಂದು ಗೇಣಿಗಿಂತ ಇಳಿಯುವುದಿಲ್ಲ, ತಳದಲ್ಲಿ ಒರತೆ ಇದೆ ಎಂದು ಬರೆದಿಟ್ಟಿದ್ದರು. ದೋಣಿಯವನಿಂದ ತಳಕ್ಕೆ ಕಬ್ಬಿಣದ ಕೊಳವೆ ಹೊಡೆಸಿ, ಎರಡಾಳು ಉದ್ದ ಕೆಸರು ತೆಗೆಸಿ, ಪದರ ಪದರವಾಗಿ ಚಿಪ್ಪು ಎಣಿಸಿದ್ದರು. ಇಷ್ಟು ಕೆಸರು ಕೂರಲು ನಾಲ್ಕು ತಲೆಮಾರು ಸಾಲುವುದಿಲ್ಲ, ಸಾವಿರಾರು ವರ್ಷ ಬೇಕು.

ಕೆಸರಿನ ಮಾತನ್ನು ವಕೀಲರು ಹೇಗೆ ಬೇಕಾದರೂ ಕಲಕುತ್ತಾರೆ. ಆದರೆ ಸಾಯುವ ಹಿಂದಿನ ವಾರ ಟೀಚರಮ್ಮನಿಗೆ ಹಳೆಯ ನಕ್ಷೆಯೊಂದು ಸಿಕ್ಕಿತ್ತು, ಮುತ್ತಜ್ಜ ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲು ಬರೆದದ್ದು. ಅದರಲ್ಲಿ ಈ ನೀರು ಇದೇ ಆಕಾರದಲ್ಲಿತ್ತಂತೆ. ಪ್ರತಿಯಿಲ್ಲದ ಆ ಒಂದೇ ಒಂದು ನಕ್ಷೆಯನ್ನು ಟೀಚರಮ್ಮ ದಿನಚರಿಯೊಳಗೆ ಅಂಟಿಸಿದ್ದನ್ನು ದೋಣಿಯವನು ಕಣ್ಣಾರೆ ಕಂಡಿದ್ದ. ಪೊಲೀಸರ ಕೈಗೆ ದಿನಚರಿ ಸಿಕ್ಕಾಗ ಆ ಪುಟಗಳನ್ನು ಯಾರೋ ಕಿತ್ತಿದ್ದರು.

"ಏ ಇವಳೇ, ಕುರ್ಚಿ ಹಾಕು ಇವರಿಗೆ. ನಿಂತುಕೊಂಡೇ ತನಿಖೆ ಮಾಡ್ತಾರೋ ಏನೋ," ಎಂದರು ಪಂಡಿತರು.

ಒಳಗಿನಿಂದ ಅವರ ತಂಗಿ ಕುರ್ಚಿ ತಂದಿಟ್ಟಳು. ಐವತ್ತು ದಾಟಿದ ಹೆಂಗಸು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಬೆರಳಿಗೆ ಶಾಯಿ. ಅಣ್ಣ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ಊರು ಕೇಳಿರಲಿಲ್ಲ. ಇನ್‌ಸ್ಪೆಕ್ಟರ್ ಕೂಡ ಎಂಟು ದಿನದಲ್ಲಿ ನಾಲ್ಕು ಸಲ ಬಂದರೂ ಆಕೆಯ ಹೆಸರು ಕೇಳುವ ಗೋಜಿಗೆ ಹೋಗಿರಲಿಲ್ಲ.

"ಮೊನ್ನೆ ಹೇಳಿಕೆ ಕೊಟ್ಟಿದ್ದೀನಲ್ಲ. ಮತ್ತೇನು?"

"ಅದನ್ನೇ ಬರೆದು ತಂದಿದ್ದೀವಿ. ಓದಿ ಸಹಿ ಹಾಕಿದ್ರೆ ಹೊರಟೆ."

"ಬರೆದವರು ಯಾರು?"

"ನಾನೇ ಸಾರ್," ಎಂದು ಅಕಾರ ಎದೆಯುಬ್ಬಿಸಿದ.

"ಹಾಗಾದರೆ ಓದುವಾಗ ಕೈಕಾಲು ಗಟ್ಟಿ ಮಾಡಿಕೊಳ್ಳಬೇಕು."

ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳಿಗೆ ಬೇಕಾದದ್ದೂ ಇದೇ.

ದಿನಚರಿಯ ಕೊನೆಯ ಪುಟ ಅವಳ ಜೇಬಿನಲ್ಲಿತ್ತು. ಟೀಚರಮ್ಮ ಸತ್ತ ಬೆಳಿಗ್ಗೆ ಬರೆದದ್ದು. 'ಆರು ಗಂಟೆ. ನೀರು ಕೋಲಿನ ಹದಿನಾಲ್ಕನೇ ಗೀಟಿಗೆ. ಗುಳುಮುಳುಕ ಹನ್ನೊಂದು, ಮರಿ ನಾಲ್ಕು, ಅದರಲ್ಲೊಂದು ಅಮ್ಮನ ಬೆನ್ನೇರಿ ಕೂತಿದೆ. ಸರೋವರಕ್ಕೆ ಇವತ್ತು ಸೀಸದ ಬಣ್ಣ. ದೋಣಿಯವನು ರೇಗಿದ, ನಿಮ್ಮ ಹಕ್ಕಿಗೋಸ್ಕರ ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಂದ.' ದೋಣಿಯವನ ಕುತ್ತಿಗೆಗೆ ಹಗ್ಗ ಹೊಸೆದದ್ದು ಈ ಕೊನೆಯ ಸಾಲು. ಕಿತ್ತವರು ಇದೊಂದು ಪುಟ ಉಳಿಸಿದ್ದು ಅದಕ್ಕೇ.

ಆದರೆ ಉಳಿಸುವ ಮೊದಲು ಓದಿದ್ದರು. ಓದಿದ ಕೈ ಸುಮ್ಮನಿರಲಿಲ್ಲ. 'ಸರೋವರಕ್ಕೆ' ಎಂಬ ಪದಕ್ಕೆ ಹಸಿರು ಪೆನ್ಸಿಲಿನಲ್ಲಿ ಒಂದು ಕಾಟು. ಮೇಲೆ ಪುಟ್ಟದಾಗಿ, ಚೊಕ್ಕವಾಗಿ: 'ಕೆರೆಗೆ'.

ಊರಿನಲ್ಲಿ ಹಸಿರು ಪೆನ್ಸಿಲು ಅಂದರೆ ಪಂಡಿತರು. ಕೆಂಪು ಮೇಷ್ಟ್ರುಗಳಿಗೆ, ನೀಲಿ ಗುಮಾಸ್ತರಿಗೆ ಎಂದು ಹಸಿರನ್ನು ಆರಿಸಿಕೊಂಡವರು. ಮದುವೆಯ ಕರೆಯೋಲೆ ಹೋದರೆ ಒತ್ತಕ್ಷರ ತಿದ್ದಿ ವಾಪಸ್ಸು ಕಳಿಸುವವರು. ಸಾವಿನ ಸುದ್ದಿ ಬರೆದ ಚೀಟಿಯನ್ನೂ ಬಿಟ್ಟವರಲ್ಲ. ದುಃಖಕ್ಕೆ ವಿಸರ್ಗ ಮರೆತಿದ್ದೀರಿ ಎಂದು ಅಳುತ್ತಿದ್ದವರ ಮನೆಗೇ ಹೇಳಿಕಳಿಸಿದ್ದರು.

ಅಂಥ ಮನುಷ್ಯನ ಮುಂದೆ ಅಕಾರನ ಬರವಣಿಗೆ ಹಿಡಿಯುವುದೆಂದರೆ ಬೆಕ್ಕಿನ ಮುಂದೆ ಮೀನು ಹಿಡಿದ ಹಾಗೆ. ಇನ್‌ಸ್ಪೆಕ್ಟರ್ ತನ್ನ ಕಡೆಯಿಂದ ಸೇರಿಸಿದ್ದು ಒಂದೇ. ಪಂಡಿತರು 'ಕೆರೆ' ಎಂದ ಕಡೆಯಲ್ಲೆಲ್ಲ 'ಸರೋವರ' ಎಂದು ಬರೆಸಿದ್ದಳು.

"ಅಂದು ಬೆಳಿಗ್ಗೆ ಟೀಚರಮ್ಮನ ದಿನಚರಿ ನೋಡಿದ್ರಾ ನೀವು?" ಕೇಳಿದಳು, ಹೇಳಿಕೆಯನ್ನು ಇನ್ನೂ ಕೈಯಲ್ಲೇ ಹಿಡಿದು.

"ಅದನ್ನೇಕೆ ನೋಡಲಿ? ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಟ್ಟವಳು. ಹಕ್ಕಿ ಎಣಿಸಿದ್ರೆ ಚರಿತ್ರೆ ಆಗುತ್ತಾ? ಹಾಗಾದ್ರೆ ಕೋಳಿ ಸಾಕುವವರೆಲ್ಲ ಇತಿಹಾಸಕಾರರು."

"ಸತ್ತವರ ಬಗ್ಗೆ ಮಾತಾಡ್ತಿದ್ದೀರಿ."

"ಸತ್ತ ಮಾತ್ರಕ್ಕೆ ವ್ಯಾಕರಣ ಬರುತ್ತೇನಮ್ಮ?"

ಗೋಡೆಗೆ ಆತು ನಿಂತಿದ್ದ ತಂಗಿಯ ತುಟಿಯ ಕೊನೆ ಸ್ವಲ್ಪ ಕೊಂಕಿತು. ಇನ್‌ಸ್ಪೆಕ್ಟರ್ ಅದನ್ನು ಕಂಡಳು, ದುಃಖ ಎಂದುಕೊಂಡಳು.

"ಹಿಡೀರಿ," ಎಂದು ಹೇಳಿಕೆ ಮುಂದಿಟ್ಟಳು.

ಪಂಡಿತರು ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಮೆಲ್ಲಗೆ ಸವರಿದರು. ಕನ್ನಡಕ ಏರಿಸಿದರು. ತಲೆ ಬಗ್ಗಿಸಿದರು. ಜೇಬಿನಲ್ಲಿ ಹಸಿರು ಪೆನ್ಸಿಲು ಇಣುಕುತ್ತಿತ್ತು. ಇನ್‌ಸ್ಪೆಕ್ಟರ್ ಅದರ ಮೇಲೇ ಕಣ್ಣಿಟ್ಟಳು. ತಿದ್ದಲಿ. ಒಂದು ಕಾಟು ಸಾಕು, ಒಂದು 'ಕೆರೆ' ಸಾಕು. ಕೈಬರಹದ ತಜ್ಞರಿಗೆ ಕಳಿಸಿ ಜಡ್ಜ್ ಹತ್ತಿರ ಎರಡು ದಿನ ಬೇಡಬಹುದು.

ಗಡಿಯಾರ ಟಿಕ್ ಟಿಕ್ ಎಂದಿತು. ಪಂಡಿತರು ಹಾಳೆ ಮಗುಚಿದರು. ಮತ್ತೆ ಮಗುಚಿದರು.

"ಸಹಿ ಎಲ್ಲಿ?"

"ಇಲ್ಲಿ ಅಣ್ಣ." ತಂಗಿ ಬಂದು ಬೆರಳಿಟ್ಟಳು.

ಪಂಡಿತರು ಅವಳ ಬೆರಳಿನ ಪಕ್ಕದಲ್ಲಿ ಸಹಿ ಹಾಕಿದರು. ಪೆನ್ಸಿಲಿನ ತಂಟೆಗೇ ಹೋಗಲಿಲ್ಲ.

ಇನ್‌ಸ್ಪೆಕ್ಟರ್ ಹಾಳೆ ಎತ್ತಿಕೊಂಡು ಎದ್ದಳು. ಒಂದು ಗೀಟೂ ಇಲ್ಲ. ಮೂರು ದಿನ ತಲೆ ಕೆಡಿಸಿಕೊಂಡು ಹೆಣೆದ ಬಲೆಗೆ ಒಂದು ಕಪ್ಪೆಮರಿಯೂ ಬಿದ್ದಿರಲಿಲ್ಲ. ಇನ್ನೇನು, ಹೊರಡಬೇಕು, ಬಡಪಾಯಿಯನ್ನು ಕರೆದುಕೊಂಡು ಹೋಗಿ ಜಡ್ಜ್ ಮುಂದೆ ನಿಲ್ಲಿಸಬೇಕು. ಅದೂ ಈಗ ಊರಿನ ಗಣ್ಯರೊಬ್ಬರು ಕಣ್ಣಾರೆ ಕಂಡ ಸಾಕ್ಷಿಯ ಜೊತೆಗೆ.

ಕಣ್ಣು ತಾನಾಗಿ ಎರಡನೇ ಸಾಲಿನ ಮೇಲೆ ಬಿತ್ತು.

'ನಾನು ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನೋಡಲಾಗಿ ಸರೋವರದ ಮೇಲೆ ಅಕ್ಕಿಗಳು ಆರುತ್ತಿದ್ದವು. ದೋಣಿಯವನು ತನ್ನ ಅಳೆ ಉಟ್ಟನ್ನು ಎತ್ತಿದ್ದನ್ನು ಕಂಡೆನು.'

ನೀರಿನ ಮೇಲೆ ಅಕ್ಕಿ ಆರುತ್ತಿದೆ. ಪಂಡಿತರು ಅದಕ್ಕೆ ಸಹಿ ಹಾಕಿದ್ದಾರೆ.

ದುಃಖದ ವಿಸರ್ಗವನ್ನು ಬಿಡದ ಮನುಷ್ಯ.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಮತ್ತೆ ಕೂತಳು.

"ಪಂಡಿತರೇ, ಬರವಣಿಗೆ ಹೇಗಿದೆ? ತಪ್ಪುಗಿಪ್ಪು ಇದ್ರೆ ಹೇಳಿಬಿಡಿ. ಹುಡುಗ ಕಲೀತಾನೆ."

"ಪೊಲೀಸರ ಮಟ್ಟಕ್ಕೆ ಪರವಾಗಿಲ್ಲ. ತಪ್ಪೇನೂ ಕಾಣಲಿಲ್ಲ."

"ಮೇಡಂ, ಕೇಳಿದ್ರಾ!" ಅಕಾರನ ಕಣ್ಣು ತುಂಬಿ ಬಂತು. "ಪಂಡಿತರೇ ಏಳಿದ್ರು!"

"ಸುಮ್ಮನಿರಪ್ಪ." ಅವಳ ದನಿ ಈಗ ಬೇರೆಯೇ ರೀತಿ ತಣ್ಣಗಿತ್ತು. "ಕಾಣಲಿಲ್ಲ ಅಂದಿರಲ್ಲ, ಅದು ಮಾತ್ರ ಸತ್ಯ. ಎಷ್ಟು ದಿನ ಆಯ್ತು ಪಂಡಿತರೇ, ಕಣ್ಣು ಹೋಗಿ?"

ಗಾಜಿನ ಪೆಟ್ಟಿಗೆಯ ಮೇಲೆ ನೊಣವೊಂದು ಕೂತು ಎದ್ದಿತು. ಪಂಡಿತರ ಕತ್ತಿನ ನರ ಉಬ್ಬಿತು.

"ಯಾರ ಮುಂದೆ ಮಾತಾಡ್ತಿದ್ದೀಯ ಗೊತ್ತಾ ನೀನು?"

"ಗೊತ್ತು. ನಾನು ಎಷ್ಟು ಬೆರಳು ತೋರಿಸ್ತಿದ್ದೀನಿ, ಹೇಳಿ."

ಅವಳು ಕೈ ಎತ್ತಿಯೇ ಇರಲಿಲ್ಲ. ಪಂಡಿತರು ಗಾಳಿಯನ್ನು ದಿಟ್ಟಿಸಿ, "ಮೂರು!" ಎಂದು ಗದರಿದರು.

ಅಕಾರ ಬಾಯಿ ಮುಚ್ಚಿಕೊಂಡ.

ಆಮೇಲೆ ಮುದುಕ ಕುಸಿದದ್ದು ನೋಡುವ ಹಾಗಿರಲಿಲ್ಲ. ಇನ್‌ಸ್ಪೆಕ್ಟರಿಗೆ ಅಯ್ಯೋ ಅನ್ನಿಸಲಿಲ್ಲ. ಕಾಣದ ಕಣ್ಣಿನಿಂದ ಒಬ್ಬನನ್ನು ಗಲ್ಲಿಗೆ ತೋರಿಸಿದವನ ಮೇಲೆ ಖರ್ಚು ಮಾಡುವಷ್ಟು ಮರುಕ ಅವಳ ಹತ್ತಿರ ಉಳಿದಿರಲಿಲ್ಲ.

"ಹದಿನಾಲ್ಕು ತಿಂಗಳು," ಎಂದರು ಕೊನೆಗೆ. "ಊರಿಗೆ ಗೊತ್ತಾಗಬಾರದು ಅಂತ..."

"ಊರಿನ ನಗುವಿಗೆ ಹೆದರಿ ದೋಣಿಯವನ ಪ್ರಾಣ ತೆಗೆಯೋಕೆ ಹೊರಟ್ರಿ. ಹುಟ್ಟು ಎತ್ತಿದ್ದನ್ನ ನೋಡಿದೆ ಅಂದ್ರಲ್ಲ, ಯಾವ ಕಣ್ಣಲ್ಲಿ?"

"ಇವಳು ನೋಡಿದ್ಲು! ಇವಳು ನೋಡಿ ಹೇಳಿದ್ದನ್ನೇ ನಾನು ಹೇಳಿದ್ದು. ಏ ಇವಳೇ, ಹೇಳೇ!"

"ಆರು ತಿಂಗಳ ಹಿಂದೆ ಮೂರನೇ ಸಂಪುಟ ಬಂತಲ್ಲ. ಅದನ್ನ ಯಾರು ನೋಡಿ ಬರೆದ್ರು?"

"ನಾನು ಹೇಳ್ತೀನಿ, ಇವಳು ಬರೀತಾಳೆ. ಕೈ ಅವಳದು, ತಲೆ ನಂದು. ಅವಳ ಹಣೇಬರಹಕ್ಕೆ ಅಷ್ಟೇ ಹೆಚ್ಚು."

ಆಗ ತಂಗಿ ನಕ್ಕಳು.

ಜೋರಾಗಿ ಅಲ್ಲ. ಹಾಲು ಒಡೆದದ್ದನ್ನು ಕಂಡವರು ಮೂಗಿನಲ್ಲಿ ಒಂದು ಉಸಿರು ಬಿಡುತ್ತಾರಲ್ಲ, ಹಾಗೆ.

"ಎರಡನೇ ಸಂಪುಟವೂ ನಂದೇ," ಎಂದಳು. "ಮೊದಲನೆಯದರಲ್ಲಿ ಅರ್ಧ. ಅಣ್ಣ ಹೇಳಿದ ಹಾಗೆ ಬರೆದಿದ್ರೆ ಅಚ್ಚಿನವನೂ ಓದ್ತಿರಲಿಲ್ಲ."

ಅವಳು ಬಂದು ಮೇಜಿನ ಮೇಲಿದ್ದ ಹೇಳಿಕೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಣ್ಣನ ಜೇಬಿನಿಂದ ಪೆನ್ಸಿಲು ತೆಗೆದಳು. ಅದು ಅಲ್ಲಿರುವುದೇ ತನಗಾಗಿ ಎನ್ನುವ ಹಾಗೆ, ಅವರ ಅಪ್ಪಣೆಯಿಲ್ಲದೆ. 'ಅಕ್ಕಿ'ಯ ಮೇಲೆ ಒಂದು ಗೀಟು, 'ಹಕ್ಕಿ'. 'ಆರು'ವಿನ ಮೇಲೆ ಒಂದು ಗೀಟು, 'ಹಾರು'. ಚಕಚಕನೆ, ಕಾಳು ಆರಿಸುವವರ ಕೈ. ಅಕಾರ ತನ್ನ ಮಕ್ಕಳನ್ನು ಯಾರೋ ಹೊಡೆಯುತ್ತಿರುವಂತೆ ನೋಡಿದ.

ಪೆನ್ಸಿಲು 'ಸರೋವರದ' ಹತ್ತಿರ ಬಂತು. ಅಲ್ಲಿ ಒಂದು ಚಣ ನಿಂತಿತು.

ತಂಗಿ ಕಣ್ಣೆತ್ತಿ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು ಅರ್ಥವಾಯಿತು. ಅರ್ಥವಾದ ಮೇಲೆಯೇ, ಬೇಕೆಂದೇ, ಕಾಟು ಎಳೆದು ಮೇಲೆ ಪುಟ್ಟದಾಗಿ 'ಕೆರೆಯ' ಎಂದು ಬರೆದಳು. ಇನ್‌ಸ್ಪೆಕ್ಟರ್ ಜೇಬಿನಲ್ಲಿದ್ದ ದಿನಚರಿಯ ಪುಟದ ಅದೇ ಅಕ್ಷರ, ಅದೇ ಚೊಕ್ಕ.

"ತಪ್ಪು ಕಂಡೂ ಸುಮ್ಮನಿರೋಕೆ ನನಗಾಗಲ್ಲ," ಎಂದಳು. "ಅದೊಂದು ಚಾಳಿ."

"ಟೀಚರಮ್ಮನೂ ಒಂದು ತಪ್ಪಾ?"

"ದೊಡ್ಡ ತಪ್ಪು. ನನ್ನ ಮೂರು ಸಂಪುಟಕ್ಕೆ ಒಂದೇ ಮಾತಲ್ಲಿ 'ಬೊಗಳೆ' ಅಂದ್ರು. ಅದೂ ಅಣ್ಣನಿಗೆ ಹೇಳಿದ್ರು. ಬೈಗುಳಾನೂ ನನ್ನ ಹೆಸರಿಗೆ ಬರಲಿಲ್ಲ ನೋಡಿ."

ಪಂಡಿತರು ಕೈಗೆ ಸಿಕ್ಕದ ಗಾಳಿಯಲ್ಲಿ ತಡಕಾಡುತ್ತ, "ಏನು ಬಡಬಡಿಸ್ತಿದ್ದೀಯೇ? ಏನು ಮಾಡಿದ್ದೀಯೇ ನೀನು?" ಎಂದರು. ಇಬ್ಬರು ಹೆಂಗಸರೂ ಅವರ ಕಡೆ ತಿರುಗಲಿಲ್ಲ.

ಸಾಕ್ಷಿ ಬಿದ್ದುಹೋಯಿತು. ಕೈಬರಹ ಸಿಕ್ಕಿತು. ದೋಣಿಯವನು ಸಂಜೆ ಮನೆಗೆ ಹೋಗಬಹುದು. ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಮಡಚಿ ಜೇಬಿಗಿಟ್ಟಳು. ಠಾಣೆಗೆ ಫೋನು ಮಾಡೋಣವೆಂದು ತೆಗೆದರೆ, ಅಷ್ಟರಲ್ಲಿ ಠಾಣೆಯಿಂದಲೇ ಕರೆ ಬಂತು. ಕಡತ ಬರೆಯುವ ರೈಟರು.

"ಮೇಡಂ, ಒಳ್ಳೆ ಸುದ್ದಿ! ದೋಣಿಯವನು ಒಪ್ಪಿಕೊಂಡ."

"ಏನು ಒಪ್ಪಿಕೊಂಡ?"

"ನಾನೇ ಹೊಡೆದೆ, ನಾನೇ ನೀರಿಗೆ ನೂಕಿದೆ ಅಂತ. ಜಡ್ಜ್ ಮುಂದೇನೂ ಇದನ್ನೇ ಹೇಳ್ತೀನಿ ಅಂತ ಕೂತಿದ್ದಾನೆ. ದೊಡ್ಡ ಸಾಹೇಬ್ರು ಆಗಲೇ ಪತ್ರಿಕೆಯವರಿಗೆ ಹೇಳಿಬಿಟ್ರು."

"ಯಾರಾದ್ರೂ ಕೈ ಮಾಡಿದ್ರೇನ್ರೀ ಅವನ ಮೇಲೆ?"

"ಅಯ್ಯೋ, ಒಂದು ಬೈಗುಳಾನೂ ಇಲ್ಲ ಮೇಡಂ. ಬೆಳಿಗ್ಗೆ ಪಂಡಿತರ ತಂಗಿ ಊಟ ತಂದುಕೊಟ್ರು, ಎರಡು ಮಾತಾಡಿ ಹೋದ್ರು. ಆಮೇಲಿಂದ ಊಟಾನೂ ಮುಟ್ಟಿಲ್ಲ, ಮಾತೂ ಇಲ್ಲ. ಈಗ ಇದ್ದಕ್ಕಿದ್ದ ಹಾಗೆ ಬರ್ಕೊಳ್ಳಿ ಅಂದ."

ಇನ್‌ಸ್ಪೆಕ್ಟರ್ ಫೋನನ್ನು ಕಿವಿಯಿಂದ ಇಳಿಸಿದಳು. ಕತ್ತರಿಸಲಿಲ್ಲ.

"ಏನು ಹೇಳಿದ್ರಿ ಅವನಿಗೆ?"

ತಂಗಿ ಪೆನ್ಸಿಲನ್ನು ಅಣ್ಣನ ಜೇಬಿಗೆ ವಾಪಸ್ಸು ಸಿಕ್ಕಿಸಿದಳು.

"ಹೆದರಿಸಲಿಲ್ಲ. ನೀನು ಉಳೀಬೇಕಾ, ಆ ನೀರು ಉಳೀಬೇಕಾ ಅಂತ ಕೇಳಿದೆ. ಅಷ್ಟೇ."

"ನಕ್ಷೆ ನಿಮ್ಮ ಹತ್ರ ಇದೆ."

"ಇದೆ. ಅವನು ನಾಲ್ಕು ಗಂಟೆಗೆ ಜಡ್ಜ್ ಮುಂದೆ ಒಪ್ಪಿಕೊಂಡರೆ, ನಾಡಿದ್ದು ಅದು ವಿಚಾರಣೆಗೆ ಹೋಗುತ್ತೆ. ಕೆರೆ ಸರೋವರ ಆಗುತ್ತೆ, ಗುಳುಮುಳುಕ ಮೊಟ್ಟೆ ಇಡುತ್ತೆ, ಎಲ್ಲರೂ ಸುಖವಾಗಿರಲಿ. ಒಪ್ಪದಿದ್ರೆ ಬೂದಿ."

"ಈ ಕ್ಷಣ ನಿಮ್ಮನ್ನ ಕರ್ಕೊಂಡು ಹೋಗಬಲ್ಲೆ."

"ಹೋಗೋಣ. ಒಳಗೆ ಮೂರು ಕೋಣೆ ತುಂಬ ಕಾಗದ, ಹುಡುಕಿಸಿ. ನಕ್ಷೆ ಇಲ್ಲೇ ಇದೆ ಅಂತ ನಾನೇನೂ ಹೇಳಲಿಲ್ಲ." ಇನ್‌ಸ್ಪೆಕ್ಟರ್ ಬೂಟಿನಿಂದ ಉದುರಿದ ಕೆಸರಿನ ಚಕ್ಕೆಗಳನ್ನು ತಂಗಿ ಕಾಲಿನಿಂದ ಒತ್ತಟ್ಟಿಗೆ ಸರಿಸಿದಳು. "ಇಟ್ಟುಕೊಂಡವರಿಗೆ ಹೇಳಿದ್ದೀನಿ. ನಾನು ಐದರೊಳಗೆ ಮನೆಯಲ್ಲಿ ಇಲ್ಲದಿದ್ರೆ ಏನು ಮಾಡಬೇಕು ಅಂತ. ದೋಣಿಯವನಿಗೆ ಇದೆಲ್ಲ ಗೊತ್ತು. ಅಕ್ಷರ ಬರದಿದ್ರೂ ಬುದ್ಧಿ ಇದೆ ಅವನಿಗೆ. ನಿಮಗಿಂತ ಬೇಗ ಅರ್ಥ ಮಾಡಿಕೊಂಡ."

"ಯಾವ ನಕ್ಷೆಯೇ?" ಎಂದರು ಪಂಡಿತರು. "ಯಾರು ಇಟ್ಟುಕೊಂಡಿದ್ದಾರೆ?"

ಇನ್‌ಸ್ಪೆಕ್ಟರ್ ಕಿಟಕಿಯ ಹತ್ತಿರ ಹೋದಳು.

ಅವಳು ದೋಣಿಯವನ ಬೇಡಿ ಬಿಚ್ಚಿದರೆ, ಅವನು ಇಪ್ಪತ್ತೈದು ವರ್ಷ ಹುಟ್ಟು ಹಾಕಿದ ನೀರು ಹೋಗುತ್ತದೆ. ಅದನ್ನು ಉಳಿಸಿದರೆ ಅವನು ಹೋಗುತ್ತಾನೆ. ಅವನಂತೂ ಆರಿಸಿಕೊಂಡು ಕೂತಿದ್ದಾನೆ. ಅವನು ಆರಿಸಿಕೊಂಡದ್ದನ್ನು ಕಿತ್ತುಕೊಳ್ಳುವ ಹಕ್ಕು ಬೇಡಿ ಹಾಕಿದವಳಿಗೆ ಎಲ್ಲಿಂದ ಬಂತು?

ಕಿಟಕಿಯಾಚೆ ಜೊಂಡು ಒಂದೇ ಕಡೆಗೆ ಬಾಗಿತ್ತು. ಗಂಟೆ ಮೂರು ಹೊಡೆಯಿತು. ಅವಳ ಕೈಯೊಳಗಿನ ಫೋನಿನಲ್ಲಿ ರೈಟರು ಇನ್ನೂ ಕೂಗುತ್ತಿದ್ದರು.

"ಹಲೋ? ಮೇಡಂ? ಜೀಪು ಬಾಗಿಲಿಗೆ ಬಂತು, ಅವನು ಹತ್ತಿ ಕೂತೂ ಆಯ್ತು. ಬಿಡಲಾ, ನಿಲ್ಲಿಸಲಾ?"